ಔಷಧಿ ಅಂಗಡಿಗೆ ಯಾರ ಕಾನೂನು, ಯಾರ ಕಾವಲು?

2025ರ ಅಕ್ಟೋಬರ್ ಮೊದಲ ವಾರದಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಿಂದ ಬಂದ ಸುದ್ದಿ ದೇಶದ ಪ್ರತಿಯೊಂದು ಮೆಡಿಕಲ್ ಶಾಪಿನ ಮುಂದೆ ನಿಂತಿದ್ದ ತಂದೆತಾಯಿಯರನ್ನು ಕಂಗೆಡಿಸಿತು. ಕೆಮ್ಮಿಗೆಂದು ಕೊಟ್ಟ ಸಿರಪ್ ಕುಡಿದ ಪುಟ್ಟ ಮಕ್ಕಳು ಮೂತ್ರಪಿಂಡ ಕೆಲಸ ನಿಲ್ಲಿಸಿ ಒಬ್ಬರ ಹಿಂದೆ ಒಬ್ಬರಂತೆ ತೀರಿಕೊಂಡರು. ಸಾವಿನ ಸಂಖ್ಯೆ 20 ದಾಟಿತು. ಕೋಲ್ಡ್ರಿಫ್ ಎಂಬ ಹೆಸರಿನ ಆ ಸಿರಪ್ ತಯಾರಾದದ್ದು ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ. ಅಲ್ಲಿನ ಔಷಧ ನಿಯಂತ್ರಣ ಅಧಿಕಾರಿಗಳು ಪರೀಕ್ಷೆಗೆ ಕಳಿಸಿದ ಮಾದರಿಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ 48.6ರಷ್ಟು ಇತ್ತು. ಇರಬಹುದಾದ ಮಿತಿ ಶೇ 0.1 ಮಾತ್ರ.

ಇದಾದ ಕೂಡಲೇ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಕೊಡಬಾರದೆಂದು ಕೇಂದ್ರ ಸರ್ಕಾರ ಸಲಹಾ ಸೂಚನೆ ಹೊರಡಿಸಿತು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ತಮ್ಮದೇ ಸೂಚನೆಗಳನ್ನು ಕೊಟ್ಟವು. ವರ್ಷಗಳಿಂದ ಹೆಸರು ಹೇಳಿದರೆ ಸಾಕು ಎಂಬಂತೆ ಔಷಧಿ ಕೊಡುತ್ತಿದ್ದ ಅಂಗಡಿಗಳಲ್ಲಿ ಇದ್ದಕ್ಕಿದ್ದಂತೆ ವೈದ್ಯರ ಚೀಟಿ ಕೇಳಲಾರಂಭಿಸಿದರು. ಗ್ರಾಹಕರಿಗೆ ಸಹಜವಾಗಿಯೇ ಗೊಂದಲವಾಯಿತು. ಇದು ಹೊಸ ಕಾನೂನೇ? ಹೊಸದಾದರೆ ಮಾಡಿದವರು ಯಾರು, ದೆಹಲಿಯವರೇ ಬೆಂಗಳೂರಿನವರೇ? ಹಳೆಯದಾದರೆ ಇಷ್ಟು ದಿನ ಎಲ್ಲಿತ್ತು? ಒಂದು ರಾಜ್ಯ ತನ್ನ ಊರಿನ ಔಷಧಿ ಅಂಗಡಿಗಳ ಮೇಲೆ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಒಮ್ಮೆ ಬಿಡಿಸಿ ನೋಡಿದರೆ, ಈ ಕ್ಷೇತ್ರದಿಂದ ಬರುವ ಹೆಚ್ಚಿನ ಸುದ್ದಿಗಳು ತಾವಾಗಿಯೇ ಅರ್ಥವಾಗುತ್ತವೆ.

ನಿಯಮ ಬರೆಯುವವರು ಒಬ್ಬರು, ನಡೆಸುವವರು ಇನ್ನೊಬ್ಬರು

ನಮ್ಮ ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯಪಟ್ಟಿಯಲ್ಲಿವೆ. ಔಷಧಗಳು ಮತ್ತು ವಿಷಗಳು ಸಮವರ್ತಿ ಪಟ್ಟಿಯಲ್ಲಿವೆ. ಸಮವರ್ತಿ ಪಟ್ಟಿ ಎಂದರೆ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿ. ಆದರೆ ಔಷಧದ ವಿಷಯದಲ್ಲಿ ಮುಖ್ಯ ಕಾನೂನು ಸ್ವಾತಂತ್ರ್ಯಕ್ಕಿಂತ ಮೊದಲೇ ಬಂದಿತ್ತು. ಮಾರುಕಟ್ಟೆಯಲ್ಲಿ ಕಲಬೆರಕೆ ಮತ್ತು ಸತ್ತ್ವವಿಲ್ಲದ ಔಷಧಗಳು ತುಂಬಿಕೊಂಡಿವೆ ಎಂಬ ದೂರುಗಳ ಹಿನ್ನೆಲೆಯಲ್ಲಿ 1930ರಲ್ಲಿ ಆರ್.ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಒಂದು ವಿಚಾರಣಾ ಸಮಿತಿ ನೇಮಕವಾಯಿತು. ಅದು ಮರುವರ್ಷ ಕೊಟ್ಟ ವರದಿಯ ಫಲವೇ 1940ರ ಔಷಧ ಕಾಯ್ದೆ. ಸೌಂದರ್ಯವರ್ಧಕಗಳು ಮುಂದೆ ಅದರೊಳಗೆ ಸೇರಿ ಇಂದಿನ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಾಯಿತು. 1945ರ ನಿಯಮಗಳು ಅದರ ಬೆನ್ನಿಗೆ ಬಂದವು.

ಇದನ್ನು ವಾಹನಗಳ ವಿಷಯಕ್ಕೆ ಹೋಲಿಸಿದರೆ ತಿಳಿಯುವುದು ಸುಲಭ. ಮೋಟಾರು ವಾಹನ ಕಾಯ್ದೆ ಸಂಸತ್ತಿನದು, ಆದರೆ ನಾವು ಲೈಸೆನ್ಸಿಗೆ ಹೋಗುವುದು ಆರ್‌ಟಿಒ ಕಚೇರಿಗೆ, ದಂಡ ಕಟ್ಟುವುದು ನಮ್ಮ ರಾಜ್ಯದ ಪೊಲೀಸರಿಗೆ. ಔಷಧಿ ಅಂಗಡಿಯ ಕತೆಯೂ ಹಾಗೆಯೇ. ಯಾವ ಔಷಧಿಗೆ ಚೀಟಿ ಬೇಕು, ಅಂಗಡಿ ಎಷ್ಟು ದೊಡ್ಡದಿರಬೇಕು, ಯಾವ ಲೆಕ್ಕ ಇಡಬೇಕು ಎಂಬ ನಿಯಮಗಳನ್ನು ಬರೆಯುವುದು ಕೇಂದ್ರ ಸರ್ಕಾರ. ಆ ನಿಯಮದಂತೆ ಪರವಾನಗಿ ಕೊಡುವುದು, ಅಂಗಡಿಗೆ ಬಂದು ತಪಾಸಣೆ ಮಾಡುವುದು, ಮಾದರಿ ತೆಗೆಯುವುದು, ತಪ್ಪು ಕಂಡರೆ ಪರವಾನಗಿಯನ್ನು ಅಮಾನತು ಮಾಡುವುದು ಅಥವಾ ರದ್ದುಪಡಿಸುವುದು, ನ್ಯಾಯಾಲಯಕ್ಕೆ ಹೋಗುವುದು, ಇವೆಲ್ಲ ರಾಜ್ಯದ ಔಷಧ ನಿಯಂತ್ರಣ ಇಲಾಖೆಯ ಕೆಲಸ. ಪರವಾನಗಿ ಕಳೆದುಕೊಂಡ ಅಂಗಡಿಯವರು ಮೇಲ್ಮನವಿ ಸಲ್ಲಿಸಬೇಕಾದದ್ದೂ ರಾಜ್ಯ ಸರ್ಕಾರಕ್ಕೇ.

ಕೇಂದ್ರದ ಕೈಯಲ್ಲಿ ಇನ್ನೆರಡು ಮುಖ್ಯ ಅಧಿಕಾರಗಳಿವೆ. ಕಾಯ್ದೆಯ 26ಎ ಕಲಮಿನಂತೆ ಯಾವುದೇ ಔಷಧವನ್ನು ಸಾರ್ವಜನಿಕ ಹಿತಕ್ಕಾಗಿ ಇಡೀ ದೇಶದಲ್ಲಿ ನಿಷೇಧಿಸಬಹುದು. 2016ರ ಮಾರ್ಚ್‌ನಲ್ಲಿ 344 ಮಿಶ್ರ ಔಷಧಗಳನ್ನು, ಅಂದರೆ ಒಂದಕ್ಕಿಂತ ಹೆಚ್ಚು ಔಷಧಗಳನ್ನು ಬೆರೆಸಿ ಮಾಡಿದವುಗಳನ್ನು, ಒಂದೇ ಏಟಿಗೆ ನಿಷೇಧಿಸಿದ್ದು ಈ ಕಲಮಿನ ಬಲದಿಂದ. 33ಪಿ ಕಲಮು ರಾಜ್ಯಗಳಿಗೆ ನಿರ್ದೇಶನ ಕೊಡುವ ಅಧಿಕಾರ ನೀಡುತ್ತದೆ. ಹೀಗಾಗಿ ‘ರಾಜ್ಯ ಸರ್ಕಾರದ ಹೊಸ ನಿಯಮ’ ಎಂದು ಪತ್ರಿಕೆಯಲ್ಲಿ ಬರುವ ಸುದ್ದಿಗಳಲ್ಲಿ ಬಹುಪಾಲು ನಿಜವಾಗಿ ಹೊಸ ನಿಯಮಗಳಲ್ಲ. ಮೊದಲೇ ಇದ್ದ ಕೇಂದ್ರದ ನಿಯಮವನ್ನು ಇನ್ನು ಬಿಗಿಯಾಗಿ ಜಾರಿಮಾಡುತ್ತೇವೆ ಎಂಬ ಸುತ್ತೋಲೆಗಳು. ಚೀಟಿ ಕೇಳುವ ನಿಯಮ ಆ ಬಗೆಯದು. ಅದು ಹಿಂದೆಯೂ ಇತ್ತು, ಕೇಳುವವರು ಕಡಿಮೆ ಇದ್ದರು.

ಕೇಳುವವರು ಏಕೆ ಕಡಿಮೆ ಎಂಬುದಕ್ಕೆ ಉತ್ತರ ಸಿಬ್ಬಂದಿಯ ಲೆಕ್ಕದಲ್ಲಿದೆ. ಆರ್.ಎ. ಮಾಶೇಲ್ಕರ್ ನೇತೃತ್ವದ ಸಮಿತಿ 2003ರಲ್ಲಿ ಕೊಟ್ಟ ವರದಿ, ಪ್ರತಿ 200 ಮಾರಾಟ ಮಳಿಗೆಗಳಿಗೆ ಒಬ್ಬ ಔಷಧ ಪರಿವೀಕ್ಷಕ ಇರಬೇಕೆಂಬ ಮಾನದಂಡವನ್ನು ಮುಂದಿಟ್ಟಿತ್ತು. ಪರಿವೀಕ್ಷಕರನ್ನು ನೇಮಿಸುವುದು, ಅವರಿಗೆ ಪ್ರಯೋಗಾಲಯ ಮತ್ತು ವಾಹನ ಒದಗಿಸುವುದು ರಾಜ್ಯದ ಬೊಕ್ಕಸದ ಹೊರೆ. ಆದ್ದರಿಂದ ಒಂದೇ ಕಾನೂನು ಇದ್ದರೂ, ಹುದ್ದೆಗಳು ತುಂಬಿರುವ ರಾಜ್ಯದಲ್ಲಿ ಅಂಗಡಿಯವರಿಗೆ ಅದರ ಬಿಸಿ ತಟ್ಟುವ ಬಗೆ ಬೇರೆ, ಖಾಲಿ ಇರುವ ರಾಜ್ಯದಲ್ಲಿ ಬೇರೆ.

ಅಂಗಡಿಗೊಂದು ಕಾಗದ, ಆಳಿಗೊಂದು ಕಾಗದ

ವಾಹನದ ಹೋಲಿಕೆಯನ್ನೇ ಇನ್ನಷ್ಟು ಮುಂದುವರಿಸಬಹುದು. ರಸ್ತೆಗಿಳಿಯಲು ವಾಹನಕ್ಕೆ ಆರ್‌ಸಿ ಬೇಕು, ಓಡಿಸುವವರಿಗೆ ಡಿಎಲ್ ಬೇಕು; ಒಂದಿದ್ದು ಇನ್ನೊಂದಿಲ್ಲದಿದ್ದರೆ ಸಾಲದು. ಔಷಧಿ ಅಂಗಡಿಗೂ ಇಂಥದೇ ಎರಡು ಕಾಗದಗಳಿವೆ ಮತ್ತು ಅವು ಎರಡು ಬೇರೆ ಕಾನೂನುಗಳಿಂದ ಬರುತ್ತವೆ.

ಮೊದಲನೆಯದು ಔಷಧ ಕಾಯ್ದೆಯ ಪ್ರಕಾರ ಜಾಗಕ್ಕೆ ಸಿಗುವ ಪರವಾನಗಿ. ಚಿಲ್ಲರೆ ಮಾರಾಟಕ್ಕೆ ಸಾಮಾನ್ಯವಾಗಿ ನಮೂನೆ 20 ಮತ್ತು ನಮೂನೆ 21 ಎಂಬ ಎರಡನ್ನೂ ಪಡೆಯುತ್ತಾರೆ. ಲಸಿಕೆ, ಇನ್ಸುಲಿನ್, ಚುಚ್ಚುಮದ್ದುಗಳಂತಹ ವಿಶೇಷ ಎಚ್ಚರಿಕೆ ಬೇಕಾದ ಉತ್ಪನ್ನಗಳಿಗೆ ನಮೂನೆ 21, ಉಳಿದ ಸಾಮಾನ್ಯ ಔಷಧಿಗಳಿಗೆ ನಮೂನೆ 20. ಸಗಟು ಮಾರಾಟದವರಿಗೆ ಬೇರೆ ನಮೂನೆಗಳಿವೆ. ಚಿಲ್ಲರೆ ಅಂಗಡಿಯ ಜಾಗ ಕನಿಷ್ಠ 10 ಚದರ ಮೀಟರ್ ಇರಬೇಕು, ಚಿಲ್ಲರೆ ಮತ್ತು ಸಗಟು ಎರಡೂ ಒಂದೇ ಕಡೆ ನಡೆದರೆ 15 ಚದರ ಮೀಟರ್. ತಂಪಿನಲ್ಲಿಡಬೇಕಾದ ಔಷಧಿಗೆ ಫ್ರಿಜ್ ಇರಬೇಕು. ಪರವಾನಗಿ ಒಂದು ನಿರ್ದಿಷ್ಟ ವಿಳಾಸಕ್ಕೆ ಅಂಟಿಕೊಂಡಿರುತ್ತದೆ. ಅದೇ ಮಾಲೀಕರು ಎದುರಿನ ರಸ್ತೆಯಲ್ಲಿ ಇನ್ನೊಂದು ಮಳಿಗೆ ತೆರೆದರೂ ಹೊಸ ಪರವಾನಗಿ ಬೇಕು. ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು, ಆನ್‌ಲೈನ್ ಮಾರಾಟದ ಜಗಳ ಹುಟ್ಟುವುದು ಇಲ್ಲಿಂದಲೇ.

ಹಿಂದೆ ಐದು ವರ್ಷಕ್ಕೊಮ್ಮೆ ಪರವಾನಗಿಯನ್ನು ನವೀಕರಿಸಬೇಕಿತ್ತು. 2017ರ ತಿದ್ದುಪಡಿಯ ನಂತರ, ಐದು ವರ್ಷಕ್ಕೊಮ್ಮೆ ಪರವಾನಗಿ ಉಳಿಸಿಕೊಳ್ಳುವ ಶುಲ್ಕ ಕಟ್ಟುತ್ತ ಹೋದರೆ, ಅಮಾನತು ಅಥವಾ ರದ್ದು ಆಗದ ಹೊರತು ಪರವಾನಗಿ ಚಾಲ್ತಿಯಲ್ಲೇ ಇರುತ್ತದೆ. ಪರವಾನಗಿಯೇ ಇಲ್ಲದೆ ಔಷಧಿ ಮಾರಿದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಐದು ವರ್ಷದವರೆಗಿನ ಜೈಲು ಶಿಕ್ಷೆಯಿದೆ. ಜೊತೆಗೆ ಕನಿಷ್ಠ 1 ಲಕ್ಷ ರೂಪಾಯಿ ಅಥವಾ ಜಪ್ತಿಯಾದ ಔಷಧಿಯ ಮೌಲ್ಯದ ಮೂರು ಪಟ್ಟು, ಇವೆರಡರಲ್ಲಿ ಹೆಚ್ಚಿನದು ದಂಡವಾಗುತ್ತದೆ.

ಎರಡನೆಯ ಕಾಗದ ಫಾರ್ಮಾಸಿಸ್ಟ್‌ನ ನೋಂದಣಿ. ಇದು 1948ರ ಫಾರ್ಮಸಿ ಕಾಯ್ದೆಯಿಂದ ಬರುತ್ತದೆ. ಎರಡು ವರ್ಷದ ಡಿ.ಫಾರ್ಮ್ ಅಥವಾ ನಾಲ್ಕು ವರ್ಷದ ಬಿ.ಫಾರ್ಮ್ ಓದಿದವರು ರಾಜ್ಯದ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ವೈದ್ಯರ ಚೀಟಿಯ ಮೇಲೆ ಔಷಧಿ ಸಿದ್ಧಪಡಿಸಿ ಕೊಡುವ ಕೆಲಸವನ್ನು ನೋಂದಾಯಿತ ಫಾರ್ಮಾಸಿಸ್ಟ್ ಅಲ್ಲದ ಯಾರೂ ಮಾಡಕೂಡದು ಎಂದು ಆ ಕಾಯ್ದೆಯ 42ನೆಯ ಕಲಮು ಹೇಳುತ್ತದೆ. ಔಷಧ ನಿಯಮಗಳೂ ಇದನ್ನೇ ತಮ್ಮದೇ ಮಾತಿನಲ್ಲಿ ಹೇಳುತ್ತವೆ: ಚೀಟಿಯ ಔಷಧಿಗಳು ಫಾರ್ಮಾಸಿಸ್ಟ್‌ನ ಖುದ್ದು ಮೇಲ್ವಿಚಾರಣೆಯಲ್ಲಿ ಹೊರಹೋಗಬೇಕು.

ಗೋಡೆಯ ಮೇಲೆ ಚೌಕಟ್ಟಿನಲ್ಲಿ ಪ್ರಮಾಣಪತ್ರ ಇದೆ, ಅದರಲ್ಲಿರುವ ವ್ಯಕ್ತಿ ಮಾತ್ರ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ದೃಶ್ಯ. ಸರ್ಟಿಫಿಕೇಟ್ ಬಾಡಿಗೆಗೆ ಕೊಡುವುದು ಎಂದು ಇದನ್ನು ಕರೆಯುತ್ತಾರೆ. ಬಿಹಾರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ, ನಕಲಿ ಫಾರ್ಮಾಸಿಸ್ಟ್‌ಗಳು ಆಸ್ಪತ್ರೆ ಮತ್ತು ಔಷಧಿ ಮಳಿಗೆಗಳನ್ನು ನಡೆಸದಂತೆ ನೋಡಿಕೊಳ್ಳುವುದು ರಾಜ್ಯ ಸರ್ಕಾರದ ಮತ್ತು ಫಾರ್ಮಸಿ ಪರಿಷತ್ತಿನ ಕರ್ತವ್ಯ ಎಂದು ಹೇಳಿತು. ಇಲ್ಲೊಂದು ತೊಡಕಿದೆ. ಅಂಗಡಿಯ ಪರವಾನಗಿ ಔಷಧ ನಿಯಂತ್ರಣ ಇಲಾಖೆಯ ಕೈಯಲ್ಲಿದೆ, ಫಾರ್ಮಾಸಿಸ್ಟ್‌ನ ಹೆಸರು ಪರಿಷತ್ತಿನ ದಾಖಲೆಯಲ್ಲಿದೆ. ಒಂದೇ ಪ್ರಮಾಣಪತ್ರ ಎರಡು ಊರಿನ ಎರಡು ಅಂಗಡಿಗಳ ಗೋಡೆಯಲ್ಲಿ ತೂಗುತ್ತಿದೆಯೇ ಎಂದು ತಿಳಿಯಬೇಕಾದರೆ ಈ ಎರಡು ದಾಖಲೆಗಳು ಒಂದರೊಡನೊಂದು ತಾಳೆಯಾಗಬೇಕು.

ಹೆಸರುಫಲಕದ ಬಗ್ಗೆಯೂ ನಿಯಮವಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಫಾರ್ಮಾಸಿಸ್ಟ್ ಅಗತ್ಯವಿಲ್ಲದ, ಸೀಮಿತ ಔಷಧಿಗಳ ಅಂಗಡಿ ತನ್ನನ್ನು ‘ಡ್ರಗ್ ಸ್ಟೋರ್’ ಎಂದು ಕರೆದುಕೊಳ್ಳಬೇಕು. ಫಾರ್ಮಾಸಿಸ್ಟ್ ಇದ್ದು, ಔಷಧಿಯನ್ನು ಅಲ್ಲಿಯೇ ಬೆರೆಸಿ ತಯಾರಿಸುವ ವ್ಯವಸ್ಥೆ ಇಲ್ಲದಿದ್ದರೆ ‘ಕೆಮಿಸ್ಟ್ಸ್ ಅಂಡ್ ಡ್ರಗಿಸ್ಟ್ಸ್’. ಎರಡೂ ಇದ್ದರೆ ಮಾತ್ರ ‘ಫಾರ್ಮಸಿ’. ನಮ್ಮ ಬೀದಿಗಳ ಫಲಕಗಳನ್ನು ಈ ನಿಯಮ ಹಿಡಿದು ಓದುತ್ತ ಹೋದರೆ ಸಂಜೆಯ ನಡಿಗೆಗೆ ಒಳ್ಳೆಯ ಕಾಲಕ್ಷೇಪವಾದೀತು.

ಯಾವುದಕ್ಕೆ ಚೀಟಿ ಬೇಕು

ಔಷಧ ನಿಯಮಗಳಿಗೆ ಹಲವು ಅನುಸೂಚಿಗಳು, ಅಂದರೆ ಪಟ್ಟಿಗಳು, ಅಂಟಿಕೊಂಡಿವೆ. ಗ್ರಾಹಕರಿಗೆ ಮುಖ್ಯವಾದವು ಮೂರು. ಅನುಸೂಚಿ ಎಚ್‌ನಲ್ಲಿರುವ ಔಷಧಿಯನ್ನು ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಚಿಲ್ಲರೆಯಾಗಿ ಮಾರುವಂತಿಲ್ಲ. ಅನುಸೂಚಿ ಎಚ್1 ಅದಕ್ಕಿಂತ ಬಿಗಿಯಾದದ್ದು. ಪ್ರತಿಜೀವಕಗಳನ್ನು, ಅಂದರೆ ಆಂಟಿಬಯೋಟಿಕ್‌ಗಳನ್ನು, ಬೇಕಾಬಿಟ್ಟಿ ನುಂಗುವುದರಿಂದ ರೋಗಾಣುಗಳು ಔಷಧಿಗೆ ಬಗ್ಗದಂತಾಗುತ್ತಿವೆ ಎಂಬ ಆತಂಕದಿಂದ ಇದನ್ನು 2013ರಲ್ಲಿ ಹೊರಡಿಸಿ, 2014ರ ಮಾರ್ಚ್ 1ರಿಂದ ಜಾರಿಗೆ ತರಲಾಯಿತು. ಮೊದಲ ಪಟ್ಟಿಯಲ್ಲಿ 46 ಔಷಧಗಳಿದ್ದವು: ಮೇಲ್ದರ್ಜೆಯ ಪ್ರತಿಜೀವಕಗಳು, ಕ್ಷಯದ ಔಷಧಿಗಳು, ಅಲ್‌ಪ್ರಜೋಲಾಮ್‌ನಂತಹ ಚಟ ಹಿಡಿಸಬಲ್ಲ ಮಾತ್ರೆಗಳು. ಇವನ್ನು ಮಾರುವಾಗ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ ಮತ್ತು ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಈ ಔಷಧಿಗಳ ಹೊದಿಕೆಯ ಮೇಲೆ ಕೆಂಪು ಚೌಕಟ್ಟಿನೊಳಗೆ ಎಚ್ಚರಿಕೆ ಇರುತ್ತದೆ. ಮೂರನೆಯದು ಅನುಸೂಚಿ ಎಕ್ಸ್. ಕೆಟಮಿನ್‌ನಂತಹ ಕೆಲವೇ ಔಷಧಿಗಳು ಇದರಲ್ಲಿವೆ. ಚೀಟಿ ಎರಡು ಪ್ರತಿಗಳಲ್ಲಿರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು, ಇವುಗಳ ಮಾರಾಟಕ್ಕೆ ಬೇರೆಯದೇ ಪರವಾನಗಿಯೂ ಬೇಕು.

ಚೀಟಿಯನ್ನು ಒಮ್ಮೆ ಬರೆಸಿಕೊಂಡರೆ ವರ್ಷವಿಡೀ ನಡೆಯುತ್ತದೆ ಎಂಬ ನಂಬಿಕೆ ಸಾಮಾನ್ಯ. ನಿಯಮ ಹಾಗಿಲ್ಲ. ಮತ್ತೆ ಕೊಡಬಹುದು ಎಂದು ವೈದ್ಯರು ಬರೆಯದಿದ್ದರೆ ಒಂದು ಚೀಟಿಯ ಮೇಲೆ ಒಮ್ಮೆ ಮಾತ್ರ ಔಷಧಿ ಕೊಡಬೇಕು, ಕೊಟ್ಟ ಮೇಲೆ ಅಂಗಡಿಯ ಹೆಸರು, ವಿಳಾಸ ಮತ್ತು ದಿನಾಂಕವನ್ನು ಚೀಟಿಯ ಮೇಲೆ ನಮೂದಿಸಬೇಕು. ಹಾಗೆಯೇ ವೈದ್ಯರು ಬರೆದ ಬ್ರ್ಯಾಂಡ್ ಇಲ್ಲವೆಂದು ಅದೇ ಘಟಕದ ಬೇರೆ ಕಂಪನಿಯ ಮಾತ್ರೆಯನ್ನು ಕೊಡುವುದಕ್ಕೂ, ಔಷಧಿ ಅನುಸೂಚಿ ಎಚ್ ಅಥವಾ ಎಕ್ಸ್‌ನದಾಗಿದ್ದರೆ, ಅಂಗಡಿಯವರಿಗೆ ಅಧಿಕಾರವಿಲ್ಲ. ಜೆನೆರಿಕ್ ಔಷಧಿ ಕೊಡಿ ಎಂದು ಗ್ರಾಹಕರು ಕೇಳಿದಾಗ ಅಂಗಡಿಯವರು ‘ಡಾಕ್ಟರ ಹತ್ತಿರ ಬರೆಸಿಕೊಂಡು ಬನ್ನಿ’ ಎನ್ನುವುದರ ಹಿಂದೆ ವ್ಯಾಪಾರದ ಲೆಕ್ಕ ಇರಬಹುದು, ಆದರೆ ನಿಯಮವೂ ಇದೆ.

ಇನ್ನೊಂದು ಕಡೆ, ಚೀಟಿ ಇಲ್ಲದೆ ಕೊಳ್ಳಬಹುದಾದ ಔಷಧಿಗಳಿಗೆ ನಮ್ಮ ಕಾನೂನಿನಲ್ಲಿ ಪ್ರತ್ಯೇಕ ಹೆಸರೂ ಇಲ್ಲ, ಪಟ್ಟಿಯೂ ಇಲ್ಲ. ಚೀಟಿ ಬೇಕೆನ್ನುವ ಪಟ್ಟಿಗಳಲ್ಲಿ ಇಲ್ಲದ್ದನ್ನು ಚೀಟಿ ಇಲ್ಲದೆ ಕೊಡಬಹುದು ಎಂದು ಅರ್ಥ ಮಾಡಿಕೊಳ್ಳಬೇಕು, ಅಷ್ಟೆ. 16 ಔಷಧಿಗಳನ್ನು ಚೀಟಿಯಿಲ್ಲದೆ ಮಾರಲು ಸ್ಪಷ್ಟ ಅವಕಾಶ ಕೊಡುವ ಕರಡನ್ನು ಕೇಂದ್ರ ಸರ್ಕಾರ 2022ರ ಮೇ ತಿಂಗಳಲ್ಲಿ ಪ್ರಕಟಿಸಿತ್ತು. ಅನುಸೂಚಿ ಕೆ ಎಂಬ ವಿನಾಯಿತಿಗಳ ಪಟ್ಟಿಯಂತೆ, ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆ ಇಲ್ಲದ ಹಳ್ಳಿಗಳಲ್ಲಿ ಪ್ಯಾರಾಸಿಟಮಾಲ್ ಮಾತ್ರೆ, ಗ್ರೈಪ್ ವಾಟರ್‌ನಂತಹ ಕೆಲವು ಮನೆಮದ್ದುಗಳನ್ನು ಪರವಾನಗಿ ಇಲ್ಲದ ಅಂಗಡಿಯೂ ಮಾರಬಹುದು. ಕಿರಾಣಿ ಅಂಗಡಿಯಲ್ಲಿ ತಲೆನೋವಿನ ಮಾತ್ರೆ ಸಿಗುವುದಕ್ಕೆ ಕಾನೂನಿನ ಆಧಾರ ಇಷ್ಟೇ. ಪಟ್ಟಣದ ಬೀಡಾ ಅಂಗಡಿಗೆ ಅದು ಅನ್ವಯಿಸುವುದಿಲ್ಲ.

ಮಾದರಿ ತೆಗೆದ ಮೇಲೆ ಏನಾಗುತ್ತದೆ

ಸಿರಪ್ ದುರಂತದಂತಹ ಸಂದರ್ಭದಲ್ಲಿ ಜನ ಮೊದಲು ಸಿಟ್ಟಾಗುವುದು ಮಾರಿದ ಅಂಗಡಿಯ ಮೇಲೆ. ಕಾನೂನು ಅಲ್ಲಿ ಸ್ವಲ್ಪ ನಿಧಾನವಾಗಿ ಹೆಜ್ಜೆ ಇಡುತ್ತದೆ, ಅದಕ್ಕೆ ಕಾರಣವೂ ಇದೆ.

ಔಷಧ ಪರಿವೀಕ್ಷಕರು ಅಂಗಡಿಯಲ್ಲಿ ಮಾದರಿ ತೆಗೆದುಕೊಳ್ಳುವಾಗ ಅದರ ಬೆಲೆ ಕೊಡಬೇಕು. ಮಾದರಿಯನ್ನು ನಾಲ್ಕು ಪಾಲು ಮಾಡಿ ಮೊಹರು ಹಾಕಬೇಕು. ಒಂದು ಪಾಲು ಅಂಗಡಿಯವರಿಗೆ, ಒಂದು ಸರ್ಕಾರಿ ವಿಶ್ಲೇಷಕರಿಗೆ, ಒಂದು ಮುಂದೆ ಬೇಕಾದರೆ ನ್ಯಾಯಾಲಯಕ್ಕೆ, ಇನ್ನೊಂದು ಅಂಗಡಿಯವರು ಯಾರಿಂದ ತಂದೆವೆಂದು ಹೆಸರು ಹೇಳುತ್ತಾರೋ ಅವರಿಗೆ. ಅನುಮಾನವಿದ್ದರೆ ಆ ದಾಸ್ತಾನನ್ನು 20 ದಿನದವರೆಗೆ ಮಾರದಂತೆ ಆದೇಶಿಸಬಹುದು. ವಿಶ್ಲೇಷಕರ ವರದಿ ಮಾದರಿಯನ್ನು ಪ್ರಮಾಣಿತ ಗುಣಮಟ್ಟದ್ದಲ್ಲ ಎಂದು ಹೇಳಬಹುದು, ಕಲಬೆರಕೆ ಎನ್ನಬಹುದು, ನಕಲಿ ಎನ್ನಬಹುದು. ಕಾನೂನಿನ ಕಣ್ಣಲ್ಲಿ ಈ ಮೂರೂ ಬೇರೆ ಬೇರೆ. ಮಾತ್ರೆ ನೀರಿನಲ್ಲಿ ಕರಗಬೇಕಾದಷ್ಟು ಬೇಗ ಕರಗದಿದ್ದರೂ ಅದು ಪ್ರಮಾಣಿತ ಗುಣಮಟ್ಟದ್ದಲ್ಲ. ಬೇರೆ ಕಂಪನಿಯ ಹೆಸರು ಹಾಕಿಕೊಂಡು ಬಂದದ್ದು ನಕಲಿ. ಪರೀಕ್ಷೆಯಲ್ಲಿ ಸೋತ ಔಷಧಿಗಳ ಬಗ್ಗೆ ತಿಂಗಳಿಗೊಮ್ಮೆ ಪ್ರಕಟವಾಗುವ ಪಟ್ಟಿಗಳನ್ನು ಓದುವಾಗ ಈ ವ್ಯತ್ಯಾಸ ತಿಳಿದಿದ್ದರೆ ಅನಗತ್ಯ ಭಯ ಕಡಿಮೆಯಾಗುತ್ತದೆ.

ಚಿಲ್ಲರೆ ಅಂಗಡಿಯವರಿಗೆ ಕಾಯ್ದೆಯ 19ನೆಯ ಕಲಮಿನಲ್ಲಿ ಒಂದು ರಕ್ಷಣೆಯಿದೆ. ಔಷಧಿಯನ್ನು ಪರವಾನಗಿ ಇರುವ ತಯಾರಕ ಅಥವಾ ವಿತರಕರಿಂದಲೇ ಕೊಂಡಿದ್ದೇನೆ, ದೋಷವಿದೆ ಎಂದು ಸಾಕಷ್ಟು ಎಚ್ಚರ ವಹಿಸಿದರೂ ತಿಳಿಯುವಂತಿರಲಿಲ್ಲ, ನನ್ನ ಬಳಿ ಇದ್ದಷ್ಟು ದಿನ ಸರಿಯಾಗಿಯೇ ಇಟ್ಟಿದ್ದೆ ಎಂಬ ಮೂರನ್ನೂ ರುಜುವಾತು ಮಾಡಿದರೆ ಅವರು ಹೊಣೆಯಿಂದ ಪಾರಾಗುತ್ತಾರೆ. ಬಾಟಲಿಯೊಳಗಿನ ಸಿರಪ್ಪಿನಲ್ಲಿ ವಿಷವಿದೆಯೇ ಎಂದು ಕೌಂಟರಿನ ಹಿಂದೆ ನಿಂತವರು ನೋಡಿ ಹೇಳಲಾರರಲ್ಲ. ಆದರೆ ಈ ರಕ್ಷಣೆ ಸಿಗುವುದು ಖರೀದಿಯ ಬಿಲ್ಲು ಇದ್ದವರಿಗೆ, ಫ್ರಿಜ್ ಸರಿಯಾಗಿ ನಡೆಸಿದವರಿಗೆ ಮಾತ್ರ. ಪರಿವೀಕ್ಷಕರು ಬಂದಾಗಲೆಲ್ಲ ಖರೀದಿ ಬಿಲ್ಲಿನ ಕಡತ ಮತ್ತು ಫ್ರಿಜ್ಜಿನ ತಾಪಮಾನ ಕೇಳುವುದು ಇದೇ ಕಾರಣಕ್ಕೆ.

ರಾಜ್ಯದ ಪ್ರಯೋಗಾಲಯದ ವರದಿಯೇ ಕೊನೆಯ ಮಾತಲ್ಲ. ಅದನ್ನು ಪ್ರಶ್ನಿಸಿದರೆ ನ್ಯಾಯಾಲಯ ಮಾದರಿಯನ್ನು ಕೇಂದ್ರ ಔಷಧ ಪ್ರಯೋಗಾಲಯಕ್ಕೆ ಕಳಿಸಬಹುದು, ಅಲ್ಲಿನ ವರದಿ ಅಂತಿಮ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸಾವು ಸಂಭವಿಸಿ, ಅವರಿಗೆ ರಕ್ತನಾಳದ ಮೂಲಕ ಕೊಟ್ಟಿದ್ದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಬಗ್ಗೆ ಅನುಮಾನ ಎದ್ದಾಗ ಈ ಎರಡು ಹಂತದ ವ್ಯವಸ್ಥೆ ಸುದ್ದಿಯ ನಡುಮಧ್ಯಕ್ಕೆ ಬಂತು. ರಾಜ್ಯದ ಪ್ರಯೋಗಾಲಯ ಗುಣಮಟ್ಟವಿಲ್ಲವೆಂದಿದ್ದ ಕೆಲವು ಬ್ಯಾಚ್‌ಗಳನ್ನು, ಅಂದರೆ ಒಂದೇ ಸಲಕ್ಕೆ ತಯಾರಾದ ಕಂತುಗಳನ್ನು, ಕೇಂದ್ರದ ಪ್ರಯೋಗಾಲಯ ಸರಿಯಿವೆ ಎಂದಿತ್ತೆಂದು ರಾಜ್ಯ ಸರ್ಕಾರ ಹೇಳಿತು. ಆ ಘಟನೆಯ ನಂತರ ಕರ್ನಾಟಕದಲ್ಲಿ ಔಷಧ ನಿಯಂತ್ರಣ ವ್ಯವಸ್ಥೆಯ ಮರುರಚನೆ ಚರ್ಚೆಗೆ ಬಂದು, ಆಹಾರ ಸುರಕ್ಷತೆ ಮತ್ತು ಔಷಧ ಆಡಳಿತ ಎರಡನ್ನೂ ಒಂದೇ ಇಲಾಖೆಯಡಿ ತರಲಾಯಿತು.

ಬೆಲೆಯ ವಿಷಯ

ಬೆಲೆ ಪೂರ್ತಿಯಾಗಿ ಕೇಂದ್ರದ ಅಂಗಳ. 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಅಗತ್ಯ ಔಷಧಿಗಳಿಗೆ ಗರಿಷ್ಠ ಬೆಲೆ ಗೊತ್ತುಮಾಡುತ್ತದೆ. ಮಾರುಕಟ್ಟೆಯಲ್ಲಿರುವ ಮುಖ್ಯ ಬ್ರ್ಯಾಂಡ್‌ಗಳು ಚಿಲ್ಲರೆ ಅಂಗಡಿಗೆ ಬೀಳುವ ಬೆಲೆಯ ಸರಾಸರಿ ತೆಗೆದು, ಅದಕ್ಕೆ ಶೇ 16ರಷ್ಟನ್ನು ಅಂಗಡಿಯ ಪಾಲೆಂದು ಸೇರಿಸಲಾಗುತ್ತದೆ. ಈ ಪಟ್ಟಿಯಲ್ಲಿಲ್ಲದ ಔಷಧಿಗಳ ಬೆಲೆಯನ್ನು ಕಂಪನಿಯೇ ನಿರ್ಧರಿಸುತ್ತದೆ, ಆದರೆ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಿಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಾಗ, ಹಳೆಯ ಬೆಲೆ ಮುದ್ರಿತವಾಗಿದ್ದ ದಾಸ್ತಾನನ್ನು ಹಿಂದಕ್ಕೆ ಕರೆಸಿ ಹೊಸ ಬೆಲೆಯ ಚೀಟಿ ಅಂಟಿಸಬೇಕಾಗಿರಲಿಲ್ಲ. ಪರಿಷ್ಕೃತ ದರಪಟ್ಟಿಯಂತೆ ಹಣ ತೆಗೆದುಕೊಂಡರೆ ಸಾಕಿತ್ತು. ಪೊಟ್ಟಣದ ಮೇಲೆ ಒಂದು ಬೆಲೆ, ಬಿಲ್ಲಿನಲ್ಲಿ ಅದಕ್ಕಿಂತ ಕಡಿಮೆ ಬೆಲೆ ಕಂಡು ಅಚ್ಚರಿಪಟ್ಟವರಿಗೆ ಕಾರಣ ಇದು.

ರಾಜ್ಯಗಳು ತಾವೇ ಮಾಡಿದ್ದು

ನಿಯಮ ಬರೆಯುವ ಕೈ ಕಟ್ಟಿದ್ದರೂ ರಾಜ್ಯಗಳು ಬೇರೆ ದಾರಿಗಳನ್ನು ಹುಡುಕಿಕೊಂಡಿವೆ, ಮತ್ತು ಇವುಗಳನ್ನು ನೋಡುವಾಗ ಸರ್ಕಾರ ಯಾವ ಟೋಪಿ ತೊಟ್ಟು ಮಾತನಾಡುತ್ತಿದೆ ಎಂದು ಗಮನಿಸಬೇಕು.

ಕೇರಳ ಜಾರಿ ಅಧಿಕಾರಿಯ ಟೋಪಿ ತೊಟ್ಟಿತು. 2024ರ ಜನವರಿಯಲ್ಲಿ ‘ಆಪರೇಷನ್ ಅಮೃತ್’ ಎಂಬ ಹೆಸರಿನಲ್ಲಿ, ಚೀಟಿಯಿಲ್ಲದೆ ಪ್ರತಿಜೀವಕ ಮಾರುವ ಅಂಗಡಿಗಳ ಮೇಲೆ ಅನಿರೀಕ್ಷಿತ ತಪಾಸಣೆಗಳನ್ನು ಆರಂಭಿಸಿತು. ಪ್ರತಿಜೀವಕಗಳನ್ನು ನೀಲಿ ಲಕೋಟೆಯಲ್ಲಿ ಹಾಕಿ ಕೊಡುವ ವ್ಯವಸ್ಥೆಯನ್ನೂ ತಂದಿತು. ನಿಯಮದ ಒಂದು ಅಕ್ಷರವೂ ಇಲ್ಲಿ ಬದಲಾಗಿಲ್ಲ ಎಂಬುದನ್ನು ಗಮನಿಸಬೇಕು, ಬದಲಾದದ್ದು ಬಾಗಿಲಿಗೆ ಬಂದು ನೋಡುವವರ ಸಂಖ್ಯೆ.

ತಮಿಳುನಾಡು ವ್ಯಾಪಾರಿಯ ಟೋಪಿ ತೊಟ್ಟಿತು. ‘ಮುದಲ್ವರ್ ಮರುಂದಗಂ’, ಅಂದರೆ ಮುಖ್ಯಮಂತ್ರಿಗಳ ಔಷಧಾಲಯ, ಎಂಬ 1,000 ಮಳಿಗೆಗಳನ್ನು 2025ರ ಫೆಬ್ರುವರಿ 24ರಂದು ತೆರೆಯಿತು. ಸಹಕಾರ ಸಂಘಗಳೂ, ಡಿ.ಫಾರ್ಮ್ ಮತ್ತು ಬಿ.ಫಾರ್ಮ್ ಓದಿದ ಉದ್ಯಮಿಗಳೂ ಇವನ್ನು ನಡೆಸುತ್ತಾರೆ. ಉದ್ಯಮಿಗಳಿಗೆ ಸರ್ಕಾರ 3 ಲಕ್ಷ ರೂಪಾಯಿ ಸಹಾಯಧನ ಕೊಡುತ್ತದೆ. ಖಾಸಗಿ ಅಂಗಡಿಗೆ ಕಡಿಮೆ ಬೆಲೆಗೆ ಮಾರು ಎಂದು ರಾಜ್ಯ ಆಜ್ಞೆ ಮಾಡಲಾರದು, ಪಕ್ಕದಲ್ಲೇ ಕಡಿಮೆ ಬೆಲೆಯ ಅಂಗಡಿ ಇಡಬಲ್ಲದು.

ಕರ್ನಾಟಕದ ಜನೌಷಧಿ ವಿವಾದದಲ್ಲಿ ಸರ್ಕಾರ ತೊಟ್ಟದ್ದು ಜಾಗದ ಮಾಲೀಕನ ಟೋಪಿ. ಅಗ್ಗದ ಬೆಲೆಗೆ ಔಷಧಿ ಮಾರುವ ಜನೌಷಧಿಯು ಕೇಂದ್ರ ಸರ್ಕಾರದ ಯೋಜನೆ, 2008ರಲ್ಲಿ ಆರಂಭವಾದದ್ದು. ಆ ಮಳಿಗೆಗಳಿಗೂ ರಾಜ್ಯದ ಔಷಧ ಪರವಾನಗಿಯೇ ಬೇಕು. ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಲು 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆದೇಶಿಸಿತು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತವಾಗಿಯೇ ಸಿಗಬೇಕಾದಾಗ ಅದೇ ಆವರಣದಲ್ಲಿ ಹಣ ಕೊಟ್ಟು ಕೊಳ್ಳುವ ಅಂಗಡಿ ಏಕೆ ಎಂಬುದು ಸರ್ಕಾರದ ವಾದ. ಉಚಿತ ಔಷಧಿ ದಾಸ್ತಾನಿಲ್ಲದಾಗ ಬಡವರಿಗೆ ಅಗ್ಗದ ಅಂಗಡಿ ಹತ್ತಿರದಲ್ಲೇ ಇರಬೇಕು ಎಂಬುದು ವಿರೋಧಿಸಿದವರ ವಾದ. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಆಸ್ಪತ್ರೆಯ ಗೇಟಿನ ಹೊರಗಿದ್ದ ಜನೌಷಧಿ ಮಳಿಗೆಗಳನ್ನು ಈ ಆದೇಶ ಮುಟ್ಟಲಿಲ್ಲ, ಏಕೆಂದರೆ ಅಲ್ಲಿ ಜಾಗ ಸರ್ಕಾರದ್ದಲ್ಲ.

ಹಲವು ರಾಜ್ಯಗಳಲ್ಲಿ ಜಿಲ್ಲಾಧಿಕಾರಿಗಳೂ ಈ ರಂಗಕ್ಕೆ ಬಂದಿದ್ದಾರೆ. ಮಕ್ಕಳ ಕೈಗೆ ಅಮಲಿನ ಔಷಧಿ ಸಿಗದಂತೆ, ಅನುಸೂಚಿ ಎಚ್ ಮತ್ತು ಎಕ್ಸ್ ಔಷಧಿ ಮಾರುವ ಅಂಗಡಿಗಳಲ್ಲಿ ಸಿಸಿಟಿವಿ ಇರಬೇಕೆಂದು ಅವರು ಹೊರಡಿಸುವ ಆದೇಶಗಳು ಔಷಧ ಕಾಯ್ದೆಯಿಂದ ಬಂದವಲ್ಲ. ಸಾರ್ವಜನಿಕ ಉಪದ್ರವ ತಡೆಯುವ ಸಾಮಾನ್ಯ ಅಧಿಕಾರದಿಂದ ಬಂದವು.

ಆನ್‌ಲೈನ್ ಎಂಬ ಬಿಡಿಸದ ಗಂಟು

ಪರವಾನಗಿ 10 ಚದರ ಮೀಟರಿನ ಒಂದು ಕೋಣೆಗೆ, ಒಂದು ವಿಳಾಸಕ್ಕೆ ಸಿಗುತ್ತದೆ ಎಂದು ಮೇಲೆ ಹೇಳಿದ್ದನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಮೊಬೈಲಿನಲ್ಲಿ ಚೀಟಿಯ ಚಿತ್ರ ಕಳಿಸಿ ಇನ್ನೊಂದು ರಾಜ್ಯದ ಗೋದಾಮಿನಿಂದ ಔಷಧಿ ತರಿಸಿಕೊಂಡರೆ ಮಾರಾಟ ನಡೆದದ್ದು ಎಲ್ಲಿ? ಯಾವ ರಾಜ್ಯದ ಪರಿವೀಕ್ಷಕರು ಮಾದರಿ ತೆಗೆಯಬೇಕು? ‘ಫಾರ್ಮಾಸಿಸ್ಟ್‌ನ ಖುದ್ದು ಮೇಲ್ವಿಚಾರಣೆ’ ಎಂಬ 1945ರ ಮಾತಿಗೆ ಇಲ್ಲಿ ಏನು ಅರ್ಥ?

ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲಿ ಇ-ಫಾರ್ಮಸಿಗಳಿಗಾಗಿ ಕರಡು ನಿಯಮಗಳನ್ನು ಪ್ರಕಟಿಸಿತು. ಅದರಂತೆ ಇವುಗಳ ನೋಂದಣಿ ರಾಜ್ಯಗಳಲ್ಲಿ ಅಲ್ಲ, ಕೇಂದ್ರದಲ್ಲಿ ಆಗಬೇಕಿತ್ತು. ಔಷಧಿ ಅಂಗಡಿಯವರ ಅಖಿಲ ಭಾರತ ಸಂಘಟನೆ 2017ರ ಮೇ 30ರಂದು ಮತ್ತು 2018ರ ಸೆಪ್ಟೆಂಬರ್ 28ರಂದು ಆನ್‌ಲೈನ್ ಮಾರಾಟದ ವಿರುದ್ಧ ದೇಶದಾದ್ಯಂತ ಬಾಗಿಲು ಮುಚ್ಚಿ ಪ್ರತಿಭಟಿಸಿತು. 2018ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಪರವಾನಗಿ ಇಲ್ಲದ ಆನ್‌ಲೈನ್ ಮಾರಾಟಕ್ಕೆ ತಡೆ ಹಾಕಿತು. ಕೋವಿಡ್ ಬಂದಾಗ, 2020ರ ಮಾರ್ಚ್ 26ರಂದು, ನಮೂನೆ 20 ಅಥವಾ 21 ಇರುವ ಸಾಮಾನ್ಯ ಅಂಗಡಿಗಳು ಇಮೇಲ್‌ನಲ್ಲಿ ಬಂದ ಚೀಟಿಯ ಮೇಲೆ ಮನೆಬಾಗಿಲಿಗೆ ಔಷಧಿ ತಲುಪಿಸಬಹುದು ಎಂಬ ವಿಶೇಷ ಅಧಿಸೂಚನೆ ಹೊರಬಿತ್ತು. ಅದು ಮೂಲೆಯಂಗಡಿಗಳಿಗೆಂದು ಕೊಟ್ಟ ತಾತ್ಕಾಲಿಕ ಸೌಲಭ್ಯ, ದೊಡ್ಡ ಆನ್‌ಲೈನ್ ಕಂಪನಿಗಳು ಅದರ ನೆರಳಿನಲ್ಲಿ ವ್ಯಾಪಾರ ನಡೆಸುತ್ತಿವೆ, ಆದ್ದರಿಂದ ಹಿಂಪಡೆಯಿರಿ ಎಂಬುದು ಅಂಗಡಿಯವರ ಸಂಘಟನೆ ಮತ್ತೆ ಮತ್ತೆ ಮುಂದಿಡುತ್ತಿರುವ ಬೇಡಿಕೆ. 2023ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ನಿಯಂತ್ರಕರು ಆನ್‌ಲೈನ್ ಕಂಪನಿಗಳಿಗೆ ಕಾರಣ ಕೇಳಿ ನೋಟಿಸ್ ಕೊಟ್ಟರು.

ಕೌಂಟರಿನ ಈಚೆ ನಿಂತವರಿಗೆ

ದೂರು ಕೊಡಬೇಕಾದರೆ ಯಾರಿಗೆ ಎಂಬುದು ಇಷ್ಟರಲ್ಲಿ ಸ್ಪಷ್ಟವಾಗಿರಬೇಕು. ಔಷಧಿಯ ಗುಣಮಟ್ಟ, ಅವಧಿ ಮೀರಿದ ಮಾರಾಟ, ಬಿಲ್ಲು ಕೊಡದಿರುವುದು, ಫಾರ್ಮಾಸಿಸ್ಟ್ ಇಲ್ಲದಿರುವುದು, ಇವು ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಹೋಗಬೇಕಾದ ದೂರುಗಳು. ಫಾರ್ಮಾಸಿಸ್ಟ್‌ನ ನೋಂದಣಿಯೇ ನಕಲಿ ಎಂಬ ಅನುಮಾನವಿದ್ದರೆ ರಾಜ್ಯ ಫಾರ್ಮಸಿ ಪರಿಷತ್ತಿಗೆ. ಔಷಧಿ ತೆಗೆದುಕೊಂಡ ಮೇಲೆ ಅನಿರೀಕ್ಷಿತ ದುಷ್ಪರಿಣಾಮ ಕಂಡರೆ ಅದನ್ನು ದಾಖಲಿಸಲು ರಾಷ್ಟ್ರೀಯ ಸಹಾಯವಾಣಿಯೊಂದಿದೆ, ಸಂಖ್ಯೆ 1800-180-3024.

ಎಚ್ಚರಿಕೆಯ ಪ್ರಕಟಣೆಗಳು ಹೊರಬೀಳುವುದು ಬ್ಯಾಚ್ ಸಂಖ್ಯೆಯ ಸಮೇತ. ಒಂದೇ ಹೆಸರಿನ ಔಷಧಿಯ ಸಾವಿರಾರು ಪೊಟ್ಟಣಗಳಲ್ಲಿ ದೋಷವಿರುವುದು ಒಂದು ಬ್ಯಾಚಿನಲ್ಲಿ ಇರಬಹುದು. ಹತ್ತು ಮಾತ್ರೆಯ ಹಾಳೆಯಿಂದ ನಾಲ್ಕನ್ನು ಕತ್ತರಿಸಿ ಕೊಟ್ಟಾಗ ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ತಿಂಗಳು ಮುದ್ರಿಸಿದ ತುದಿ ಸಾಮಾನ್ಯವಾಗಿ ಅಂಗಡಿಯಲ್ಲೇ ಉಳಿಯುತ್ತದೆ. ಆಗ ಮನೆಯಲ್ಲಿರುವ ಮಾತ್ರೆ ಆ ಬ್ಯಾಚಿನದೇ ಅಲ್ಲವೇ ಎಂದು ಹೇಳಬಲ್ಲದ್ದು ಅಂಗಡಿಯವರು ಕೊಟ್ಟ ಬಿಲ್ಲು ಮಾತ್ರ.